ರೆವರೆಂಡ್ ಕಿಟ್ಟೆಲರು ಮತ್ತು ಕನ್ನಡ ನುಡಿಯ ನಡೆ

ಕನ್ನಡವನ್ನು ಕ್ರಮವಾಗಿ ಅಭ್ಯಾಸಮಾಡಿದ ವಿದ್ಯಾರ್ಥಿನಿಯರಲ್ಲಿ ಕಿಟ್ಟೆಲರ ನಿಘಂಟಿನ ಹೆಸರನ್ನು ಕೇಳದವರು ವಿರಳ. ಆ ದಪ್ಪ ಗ್ರಂಥವನ್ನು ಎರಡು ಕೈಗಳಿಂದ ಎತ್ತಿ ಮೇಜಿನ ಮೇಲಿಟ್ಟು ಪದಗಳ ಅರ್ಥವನ್ನು ಹುಡುಕುವಾಗ, ಅದನ್ನು ರಚಿಸಿದವರ ತಾಯ್ನುಡಿಯು ಕನ್ನಡವಲ್ಲವೆಂಬುದು ನಮ್ಮ ನೆನಪಿಗೆ ಬರುವುದೇ ಇಲ್ಲ. ಆದರೆ ಕಿಟ್ಟೆಲರು ಪದಗಳನ್ನು ಕೂಡಿಸಿಟ್ಟವರು ಮಾತ್ರವೇ ಅಲ್ಲ. ಆ ಪದಗಳು ಜನರ ಬಾಯಲ್ಲಿ ಎಲ್ಲಿ ನೀಳುತ್ತವೆ, ಎಲ್ಲಿ ಮೊಟಕಾಗುತ್ತವೆ, ಯಾವ ಹೆಜ್ಜೆಯಲ್ಲಿ ನಡೆಯುತ್ತವೆ ಎಂಬುದನ್ನೂ ಶ್ರದ್ಧೆಯಿಂದ ಅಭ್ಯಾಸಮಾಡಿದವರು. ಅವರ ಚರಿತ್ರೆಯ ಈ ಭಾಗವು ಅಷ್ಟಾಗಿ ಪ್ರಚಾರದಲ್ಲಿಲ್ಲವಾದುದರಿಂದ ಅದನ್ನು ಇಲ್ಲಿ ಸಂಕ್ಷೇಪವಾಗಿ ಹೇಳಲು ಉದ್ದೇಶಿಸಿದೆ.

ಫರ್ಡಿನೆಂಡ್ ಕಿಟ್ಟೆಲರು ೧೮೩೨ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ಉತ್ತರ ಕರಾವಳಿಯಲ್ಲಿರುವ ಪೂರ್ವ ಫ್ರೀಸ್‌ಲ್ಯಾಂಡ್ ಸೀಮೆಯ ರೆಸ್ಟರ್‌ಹಾಫೆ ಎಂಬ ಚಿಕ್ಕ ಊರಿನಲ್ಲಿ ಜನಿಸಿದರು. ತಂದೆಯು ಪಾದ್ರಿ. ರೀವ್ ಎಂಬ ಪಾದ್ರಿಗಳ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದುದು ಅದೇ ವರ್ಷದಲ್ಲಿ. ಆ ಕೆಲಸವನ್ನು ಬಹುದೂರ ಮುಂದುವರಿಸತಕ್ಕ ಕೂಸು ಅದೇ ವರ್ಷದಲ್ಲಿ ಹುಟ್ಟಿತೆಂಬುದು ಒಂದು ಸೋಜಿಗವೇ ಸರಿ. ಬಾಲಕನು ಔರಿಖ್ ಪಟ್ಟಣದ ಶಾಲೆಯಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಮೊದಲಾದ ಭಾಷೆಗಳನ್ನು ಕಲಿತನು. ೧೮೫೦ರಲ್ಲಿ ಬಾಸೆಲ್ ಮಿಶನ್ನಿನ ವಿದ್ಯಾಲಯವನ್ನು ಸೇರಿ, ೧೮೫೩ರಲ್ಲಿ, ಇಪ್ಪತ್ತೊಂದು ವರ್ಷದ ತರುಣನಾಗಿ, ಹಿಂದೂದೇಶಕ್ಕೆ ಬಂದನು. ಮುಂದೆ ಧಾರವಾಡ, ಮಂಗಳೂರು, ಮಡಿಕೇರಿ ಮುಂತಾದ ಸ್ಥಳಗಳು ಅವರ ಸೇವಾಕ್ಷೇತ್ರಗಳಾದವು.

ಜರ್ಮನ್ ಭಾಷೆಯನ್ನಾಡುವವನಿಗೆ ಕನ್ನಡವು ಮೊದಲು ತೊಂದರೆ ಕೊಡುವುದು ಪದಗಳಲ್ಲಿ ಅಲ್ಲ, ನಡೆಯಲ್ಲಿ. ಜರ್ಮನ್ ನುಡಿಯಲ್ಲಿ ಪದದ ಒಂದು ಅಕ್ಷರದ ಮೇಲೆ ಬಲವಾದ ಒತ್ತು ಬೀಳುತ್ತದೆ. ಒತ್ತು ಬೀಳದ ಅಕ್ಷರಗಳು ಬಹುಮಟ್ಟಿಗೆ ಮಂಕಾಗುತ್ತವೆ. ಆ ದೇಶದ ಪದ್ಯಗಳೂ ಈ ಒತ್ತುಗಳನ್ನೇ ಎಣಿಸಿ ನಡೆಯುತ್ತವೆ. ಕನ್ನಡದಲ್ಲಿ ಹಾಗಲ್ಲ. ಇಲ್ಲಿ ಪ್ರತಿಯೊಂದು ಅಕ್ಷರಕ್ಕೂ ಅದರದೇ ಆದ ಕಾಲವುಂಟು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಬಳೆಯು ಬಾಳೆಯಾಗುವುದಕ್ಕೆ ಒಂದೇ ಮಾತ್ರೆ ಸಾಕು. ಕತೆ ಹೇಳಲು ಹೊರಟವನು ನಡುವಿನ ಅಕ್ಷರವನ್ನು ತುಸು ಹೆಚ್ಚು ಹಿಡಿದರೆ ಕತ್ತೆಯನ್ನು ತಂದು ನಿಲ್ಲಿಸುವನು! ಮಕ್ಕಳು ಇದನ್ನು ತಾಯಿಯ ತೊಡೆಯ ಮೇಲೆ ಅರಿಯದೆಯೇ ಕಲಿಯುತ್ತಾರೆ; ಹೊರಗಿನವರು ಕಷ್ಟಪಟ್ಟು ಕಿವಿಯಿಂದಲೇ ಕಲಿಯಬೇಕು.

ಕಿಟ್ಟೆಲರು ಹಾಗೆ ಕಲಿಯಲು ನಿಶ್ಚಯಿಸಿದರು. ಕನ್ನಡಿಗರಿಗೆ ಬೋಧಿಸುವವನು ಕನ್ನಡಿಗನೇ ಆಗಬೇಕೆಂಬುದು ಅವರ ಮತ. ಆದುದರಿಂದ ಹಳ್ಳಿಗರೊಡನೆ ಬೆರೆತು ಅವರ ಮಾತುಗಳನ್ನೂ ಗಾದೆಗಳನ್ನೂ ಸಂಗ್ರಹಿಸಿದರು. ಪಂಡಿತರ ಬಳಿ ಕುಳಿತು ಹಳೆಯ ಕಾವ್ಯಗಳನ್ನು ಓದಿದರು. ಬೋಧನೆಗೆಂದು ಬಂದವನು ಅನ್ಯರ ಗ್ರಂಥಗಳಲ್ಲಿ ಇಷ್ಟು ಹೊತ್ತು ಕಳೆಯುವುದು ಸಹೋದ್ಯೋಗಿಗಳಲ್ಲಿ ಕೆಲವರಿಗೆ ಸರಿಬೀಳಲಿಲ್ಲ. ಈ ಅಸಮಾಧಾನದ ನಡುವೆಯೂ ಕಿಟ್ಟೆಲರು ಹಿಡಿದ ದಾರಿಯನ್ನು ಬಿಡಲಿಲ್ಲ.

ಆ ಕಾಲದಲ್ಲಿ ಮಿಶನ್ನಿನ ಸಭೆಗಳಲ್ಲಿ ಜರ್ಮನ್ ರಾಗಗಳಿಗೆ ಹೊಂದಿಸಿದ ಕನ್ನಡ ಸಂಗೀತಗಳನ್ನು ಹಾಡುವ ವಾಡಿಕೆಯಿತ್ತು. ರಾಗದ ಒತ್ತು ಒಂದು ಕಡೆ, ಪದದ ಗುರು ಇನ್ನೊಂದು ಕಡೆ ಬಿದ್ದರೆ, ಹಾಡು ಎಷ್ಟೇ ಭಕ್ತಿಯುಳ್ಳದ್ದಾದರೂ ಕನ್ನಡ ಕಿವಿಗೆ ಎಡವಿದಂತೆ ಕೇಳಿಸುತ್ತದೆ. ಗಮಕಿಗಳ ಬಾಯಿಂದ ಕುಮಾರವ್ಯಾಸನ ಭಾರತವನ್ನು ಕೇಳಿದ ಜನರ ಕಿವಿಯಲ್ಲಿ ಭಾಮಿನಿ ಷಟ್ಪದಿಯ ಮೂರು, ನಾಲ್ಕು ಮಾತ್ರೆಗಳ ಓಟವು ಆಗಲೇ ನೆಲೆಸಿತ್ತು. ಇದನ್ನು ಬಲ್ಲ ಕಿಟ್ಟೆಲರು ಯೇಸು ಸ್ವಾಮಿಯ ಚರಿತ್ರೆಯನ್ನು ಈ ದೇಶದ ಛಂದಸ್ಸಿನಲ್ಲಿಯೇ ಹಾಡಲು ತಕ್ಕಂತೆ ರಚಿಸಿ, ಕಥಾಮಾಲೆ ಎಂಬ ಹೆಸರಿನಿಂದ ೧೮೬೨ರಲ್ಲಿ ಹೊರತಂದರು. ಪರದೇಶದಿಂದ ಬಂದವರು ಸ್ವಂತ ಹೆಜ್ಜೆಯನ್ನು ಬಿಟ್ಟು ನಾಡಿನ ಹೆಜ್ಜೆಯನ್ನು ಹಿಡಿದುದಕ್ಕೆ ಇದು ಸಾಕ್ಷಿ.

ಮನೆಯಲ್ಲಿ ಮಾತ್ರ ಆ ವರ್ಷಗಳು ಸುಖವಾಗಿ ಕಳೆಯಲಿಲ್ಲ. ೧೮೬೦ರಲ್ಲಿ ಕೈಹಿಡಿದ ಪೌಲೀನಾ ಎಂಬ ಪತ್ನಿಯು ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು. ೧೮೬೭ರಲ್ಲಿ ಆಕೆಯ ಸಹೋದರಿಯಾದ ಜೂಲಿಯು ಕಿಟ್ಟೆಲರನ್ನು ವರಿಸಿ ಆ ಮನೆಯ ಭಾರವನ್ನು ಹೊತ್ತರು. ವಿದ್ವಾಂಸರ ಕೀರ್ತಿಯ ಹಿಂದೆ ಇಂಥ ಸ್ತ್ರೀಯರ ತಾಳ್ಮೆಯು ಮರೆಯಾಗಿ ನಿಂತಿರುವುದೆಂಬುದನ್ನು ನಾವು ಮರೆಯಲಾಗದು.

೧೮೭೨ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಕಿಟ್ಟೆಲರು ಪರಿಷ್ಕರಿಸಿ ಮಂಗಳೂರಿನಲ್ಲಿ ಅಚ್ಚುಹಾಕಿಸಿದರು. ಎರಡನೆಯದಕ್ಕೆ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಕುರಿತ ಒಂದು ಪ್ರಬಂಧವನ್ನೂ ಸೇರಿಸಿದರು. ನಾಗವರ್ಮನು ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ಕವಿ. ಆತನು ಛಂದಸ್ಸಿನ ಲಕ್ಷಣಗಳನ್ನು ತನ್ನ ಪತ್ನಿಯನ್ನು ಸಂಬೋಧಿಸಿ ಹೇಳುತ್ತಾ ಹೋಗುತ್ತಾನೆ. ಕನ್ನಡದಲ್ಲಿ ಲಯವನ್ನು ಕುರಿತು ದೊರೆತಿರುವ ಈ ಪ್ರಾಚೀನ ಶಾಸ್ತ್ರಗ್ರಂಥವು ಒಬ್ಬ ಸ್ತ್ರೀಗೆ ಹೇಳಿದ ಪಾಠದ ರೂಪದಲ್ಲಿರುವುದು ಹೆಣ್ಣುಮಕ್ಕಳ ಶಾಲೆಯವರಾದ ನಮಗೆ ಹೆಮ್ಮೆಯ ಸಂಗತಿ.

ಆ ಗ್ರಂಥದಲ್ಲಿ ಸಂಸ್ಕೃತದಿಂದ ಬಂದ ವೃತ್ತಗಳಲ್ಲದೆ ಕನ್ನಡದ್ದೇ ಆದ ತ್ರಿಪದಿ, ಅಕ್ಕರ, ಏಳೆ ಮುಂತಾದ ಮಟ್ಟುಗಳೂ ಹೇಳಲ್ಪಟ್ಟಿವೆ. ತ್ರಿಪದಿಯು ಕ್ರಿ.ಶ. ೭೦೦ರ ಸುಮಾರಿನ ಬಾದಾಮಿಯ ಬಂಡೆಗಲ್ಲ ಶಾಸನದಲ್ಲಿದೆ; ಬೀಸುವ ಕಲ್ಲಿನ ಮುಂದೆ ಕುಳಿತ ಹಳ್ಳಿಯ ಹೆಂಗಸರ ಹಾಡಿನಲ್ಲಿಯೂ ಇದೆ. ಓದುಬರಹವನ್ನರಿಯದ ಆ ತಾಯಂದಿರು ಶಾಸ್ತ್ರದ ಹೆಸರನ್ನು ಕೇಳಿದವರಲ್ಲ. ಆದರೂ ಎಲ್ಲಿ ಎಳೆಯಬೇಕು, ಎಲ್ಲಿ ತಡೆಯಬೇಕೆಂಬುದು ಕಲ್ಲಿನ ತಿರುವಿನೊಡನೆ ಅವರ ಕೊರಳಿಗೆ ಗೊತ್ತಿತ್ತು. ಪುಸ್ತಕದ ಛಂದಸ್ಸಿಗೆ ಬೇರು ಇಂಥ ಕೊರಳುಗಳಲ್ಲಿಯೇ.

೧೮೭೭ರಲ್ಲಿ ಕಿಟ್ಟೆಲರು ಜರ್ಮನಿಗೆ ಮರಳಿದರು. ಆದರೆ ನಿಘಂಟಿನ ಕೆಲಸವು ಅಲ್ಲಿ ಕುಳಿತು ಮುಗಿಯತಕ್ಕದ್ದಾಗಿರಲಿಲ್ಲ. ಪದಗಳ ಬಳಕೆಯನ್ನು ಆಡುವವರಿಂದಲೇ ಕೇಳಿ ತಿಳಿಯಬೇಕಾಗಿತ್ತು. ಆದಕಾರಣ ಐವತ್ತು ಮೀರಿದ ವಯಸ್ಸಿನಲ್ಲಿ ಪುನಃ ಕನ್ನಡನಾಡಿಗೆ ಬಂದು ೧೮೯೨ರ ವರೆಗೆ ದುಡಿದರು. ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಿದ್ದ ಆ ನಿಘಂಟಿನಲ್ಲಿ ಸುಮಾರು ೭೦,೦೦೦ ಪದಗಳಿವೆ. ಪುಟಗಳು ೧೭೦೦ಕ್ಕೂ ಹೆಚ್ಚು. ಕವಿಗಳ ಪದಗಳ ಪಕ್ಕದಲ್ಲಿ ಒಕ್ಕಲಿಗನ ಗಾದೆಗೂ ಅಲ್ಲಿ ಸಮನಾದ ಪೀಠ ದೊರೆತಿದೆ. ೧೮೯೬ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ವ್ಯಾಕರಣವು ೧೯೦೩ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ಅವರು ದೈವಾಧೀನರಾದರು.

ನಿಘಂಟು ಮುಂದೆ ಎಂ. ಮರಿಯಪ್ಪ ಭಟ್ಟರ ಪರಿಷ್ಕರಣದಿಂದ ನಾಲ್ಕು ಸಂಪುಟಗಳಾಗಿ ಬೆಳೆಯಿತು. ಧಾರವಾಡದ ಒಂದು ಕಾಲೇಜು ಅವರ ಹೆಸರನ್ನು ಹೊತ್ತಿದೆ. ಭಾಷೆಗಳು ಒತ್ತಿನಿಂದಲೋ ಅಕ್ಷರದ ಅಳತೆಯಿಂದಲೋ ನಡೆಯುತ್ತವೆಂಬ ವಿಚಾರವನ್ನು ಅವರ ತರುವಾಯ ಪಾಶ್ಚಾತ್ಯ ವಿದ್ವಾಂಸರು ಯಂತ್ರಗಳಿಂದ ಅಳೆದು ಚರ್ಚಿಸಿದ್ದಾರೆ. ಕಿಟ್ಟೆಲರಿಗೆ ಇದ್ದ ಯಂತ್ರಗಳು ಎರಡೇ: ಕೇಳುವ ಕಿವಿ ಮತ್ತು ಕಲಿಯುವ ವಿನಯ.

ಪ್ರಿಯ ಸಹೋದರಿಯರೇ, ಪೋಷಕರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ಪದಗಳನ್ನು ನಿಘಂಟು ಕಾಪಾಡಬಲ್ಲದು. ನಡೆಯನ್ನು ಕಾಪಾಡಲು ಜೀವಂತವಾದ ಬಾಯಿ ಬೇಕು. ಮಕ್ಕಳು ಮೌನವಾಗಿ ಓದುವುದನ್ನೇ ರೂಢಿಮಾಡಿಕೊಂಡು, ಅಜ್ಜಿಯ ಹಾಡು ಅಜ್ಜಿಯೊಂದಿಗೇ ಮುಗಿದುಹೋದರೆ, ಅಷ್ಟು ದಪ್ಪ ಗ್ರಂಥವೂ ಅದನ್ನು ಹಿಂದಕ್ಕೆ ತಂದುಕೊಡಲಾರದು. ದಿನಕ್ಕೆ ಒಂದು ಪದ್ಯವನ್ನಾದರೂ ಮನೆಯಲ್ಲಿ ಗಟ್ಟಿಯಾಗಿ ಓದಿಸಿರಿ. ಹಿರಿಯರ ಹಾಡನ್ನು ಮಕ್ಕಳ ಕಿವಿಗೆ ಬೀಳಿಸಿರಿ. ಸಮುದ್ರವನ್ನು ದಾಟಿ ಬಂದವರೊಬ್ಬರು ಆಯುಷ್ಯವನ್ನೇ ಸವೆಸಿ ಗಳಿಸಿಕೊಂಡುದನ್ನು, ಹುಟ್ಟಿನಿಂದಲೇ ಪಡೆದ ನಾವು ಅಲಕ್ಷ್ಯದಿಂದ ಕಳೆದುಕೊಳ್ಳದಿರೋಣ.