ಮೂರು ಎಕರೆ, ಒಂದು ಹಸು, ಆರು ಸಹಿ: ಜೆಸ್ಸಿ ಕಾಲಿಂಗ್ಸ್ ಎಂಬ ಹಟಮಾರಿಯ ಕತೆ

ಇಂಗ್ಲೆಂಡಿನ ಯಾವುದೋ ಒಂದು ಸಣ್ಣ ಪಟ್ಟಣ ಅಂದ್ಕೊಳ್ಳಿ. ತರಕಾರಿ ಬೆಳೆದುಕೊಳ್ಳೋಕೆ ಒಂದು ತುಂಡು ಜಾಗ ಬೇಕು ಅಂತ ಆರು ಜನ ಮತದಾರರು ಸಹಿ ಹಾಕಿ ಊರಿನ ಕೌನ್ಸಿಲ್‌ಗೆ ಅರ್ಜಿ ಕೊಡ್ತಾರೆ. ಕೌನ್ಸಿಲ್ ಆ ಅರ್ಜಿಯನ್ನು ಕಸದ ಬುಟ್ಟಿಗೆ ಹಾಕುವ ಹಾಗಿಲ್ಲ, ಪರಿಗಣಿಸಲೇಬೇಕು. ಊರಲ್ಲಿ ಬೇಡಿಕೆ ಇದೆ ಎಂದು ಅದಕ್ಕೆ ಮನವರಿಕೆಯಾದರೆ ಜಾಗ ಒದಗಿಸಲೇಬೇಕು. ಇದು ಯಾರದೋ ದೊಡ್ಡಮನಸ್ಸಲ್ಲ, ಕಾನೂನು. 1908ರ ಸಣ್ಣ ಹಿಡುವಳಿ ಮತ್ತು ಅಲಾಟ್‌ಮೆಂಟ್ ಕಾಯ್ದೆಯ 23ನೇ ಸೆಕ್ಷನ್. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇವತ್ತಿಗೂ ಜಾರಿಯಲ್ಲಿದೆ.

ಅಲಾಟ್‌ಮೆಂಟ್ ಅಂದರೆ ಸಾಮಾನ್ಯವಾಗಿ 250 ಚದರ ಮೀಟರ್‌ನಷ್ಟು ಜಾಗ. ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ವರ್ಷಕ್ಕೆ ಇಷ್ಟು ಅಂತ ಬಾಡಿಗೆ ಕಟ್ಟಿ ಆಲೂಗಡ್ಡೆಯೋ ಬೀನ್ಸೋ ಮನೆಗೆ ಬೇಕಾದ್ದು ಬೆಳೆದುಕೊಳ್ಳಬಹುದು. ಇಷ್ಟು ಚಿಕ್ಕ ಸಂಗತಿಗಾಗಿ ಒಮ್ಮೆ ಬ್ರಿಟನ್ನಿನ ಸರ್ಕಾರವೇ ಉರುಳಿಬಿತ್ತು ಎಂದರೆ ನಂಬ್ತೀರಾ? ಉರುಳಿಸಿದವರು ಜೆಸ್ಸಿ ಕಾಲಿಂಗ್ಸ್.

ಇಟ್ಟಿಗೆ ಕೆಲಸದವನ ಮಗ

ಕಾಲಿಂಗ್ಸ್ ಹುಟ್ಟಿದ್ದು 1831ರಲ್ಲಿ, ಡೆವನ್ ಪ್ರಾಂತ್ಯದ ಎಕ್ಸ್‌ಮತ್ ಬಳಿ. ಅಪ್ಪ ಇಟ್ಟಿಗೆ ಕಟ್ಟುವ ಕೆಲಸದಿಂದ ಶುರುಮಾಡಿ ಸಣ್ಣ ಕಟ್ಟಡ ಗುತ್ತಿಗೆದಾರರಾದವರು. ಓದು ಹೆಚ್ಚು ದಿನ ಸಾಗಲಿಲ್ಲ. ಹುಡುಗ ಹದಿನೈದರ ಹೊತ್ತಿಗೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಆಮೇಲೆ ಗುಮಾಸ್ತ, ಊರೂರು ಸುತ್ತುವ ಕಬ್ಬಿಣದ ಸಾಮಾನಿನ ಮಾರಾಟಗಾರ, ಕೊನೆಗೆ 1860ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಸ್ವಂತ ವ್ಯಾಪಾರ.

ಅಲ್ಲಿ ಸಿಕ್ಕ ಗೆಳೆಯ ಜೋಸೆಫ್ ಚೇಂಬರ್ಲೇನ್. ಇಬ್ಬರೂ ಸೇರಿ 1869ರಲ್ಲಿ ರಾಷ್ಟ್ರೀಯ ಶಿಕ್ಷಣ ಲೀಗ್ ಕಟ್ಟಿದ ಗುಂಪಿನಲ್ಲಿದ್ದರು. ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣ ಅವರ ಬೇಡಿಕೆ. 1870ರಲ್ಲಿ ಕಾಯ್ದೆಯೇನೋ ಬಂತು. ಆದರೆ ಹಾಜರಾತಿ ಕಡ್ಡಾಯ ಮಾಡುವುದು ಬಿಡುವುದು ಆಯಾ ಊರಿನ ಶಾಲಾ ಮಂಡಳಿಯ ಇಷ್ಟ. ನಿಜವಾದ ಕಡ್ಡಾಯ ಬರೋಕೆ 1880 ಆಯ್ತು, ಬಹುತೇಕ ಶಾಲೆಗಳಲ್ಲಿ ಶುಲ್ಕ ಹೋಗೋಕೆ 1891. ಕಾಯ್ದೆಯಲ್ಲಿ ಮಾಡಬಹುದು ಅಂತ ಬರೆದರೆ ಏನಾಗುತ್ತೆ, ಮಾಡಲೇಬೇಕು ಅಂತ ಬರೆದರೆ ಏನಾಗುತ್ತೆ ಅನ್ನೋದನ್ನು ಕಾಲಿಂಗ್ಸ್ ಇಲ್ಲೇ ಕಣ್ಣಾರೆ ಕಂಡರು.

ಕಳೆದುಹೋದ ಗೋಮಾಳ

ಹಳ್ಳಿಯ ಕೂಲಿಕಾರರ ಪಾಡು ಇನ್ನೊಂದು ಕತೆ. ನಮ್ಮ ಗೋಮಾಳದ ಹಾಗೆ ಇಂಗ್ಲೆಂಡಿನ ಹಳ್ಳಿಗಳಲ್ಲೂ ಸಾಮುದಾಯಿಕ ಭೂಮಿ ಇತ್ತು. ಬಡವರು ಹಸು ಮೇಯಿಸೋಕೆ, ಸೌದೆ ತರೋಕೆ ಅದೇ ಆಧಾರ. 1604ರಿಂದ 1914ರ ನಡುವೆ ಸುಮಾರು 5,200 ಕಾಯ್ದೆಗಳ ಮೂಲಕ ಪಾರ್ಲಿಮೆಂಟು ಅಂಥ 68 ಲಕ್ಷ ಎಕರೆಗೆ ಬೇಲಿ ಹಾಕಿಸಿ ಖಾಸಗಿಯವರಿಗೆ ಹಂಚಿಬಿಟ್ಟಿತು. ಭೂಮಿ ಕಳಕೊಂಡವರು ಅದೇ ಭೂಮಿಯಲ್ಲಿ ದಿನಗೂಲಿಗಳಾದರು.

1872ರಲ್ಲಿ ಜೋಸೆಫ್ ಆರ್ಚ್ ಎಂಬ ಕೂಲಿಕಾರ ಕೃಷಿ ಕಾರ್ಮಿಕರ ರಾಷ್ಟ್ರೀಯ ಸಂಘ ಕಟ್ಟಿದಾಗ ಕಾಲಿಂಗ್ಸ್ ಜೊತೆಗೆ ನಿಂತರು. 1878-79ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಮೇಯರ್ ಆದರು. 1880ರಲ್ಲಿ ಇಪ್ಸ್‌ವಿಚ್‌ನಿಂದ ಪಾರ್ಲಿಮೆಂಟಿಗೆ ಹೋದರು. ಎರಡೇ ವರ್ಷದಲ್ಲಿ, 1882ರಲ್ಲಿ, ಅವರ ಮೊದಲ ಕಾಯ್ದೆ ಪಾಸಾಯಿತು.

ಬಡವರ ಹೆಸರಲ್ಲಿ ದತ್ತಿ ಬಿಟ್ಟ ಜಮೀನುಗಳಿದ್ದವಲ್ಲ, ಅವನ್ನು ಸಣ್ಣ ತುಂಡು ಮಾಡಿ ಕೂಲಿಕಾರರಿಗೆ ಬಾಡಿಗೆಗೆ ಕೊಡಬೇಕು ಅನ್ನೋದು ಅದರ ಸಾರ. ಕೇಳೋಕೆ ಚೆನ್ನಾಗಿದೆ. ಆದರೆ ಕೊಡಬೇಕಾದವರು ಯಾರು? ಊರಿನ ಪಾದ್ರಿ, ದೊಡ್ಡ ರೈತ, ಜಮೀನ್ದಾರ ಇಂಥವರೇ ತುಂಬಿದ್ದ ಟ್ರಸ್ಟುಗಳು. ಕೂಲಿಯವನ ಕೈಗೆ ಸ್ವಂತ ಬೆಳೆ ಬಂದರೆ ನಾಳೆ ಕೂಲಿ ಜಾಸ್ತಿ ಕೇಳ್ತಾನೆ ಎಂಬ ಭಯ ಇದ್ದದ್ದೂ ಇವರಿಗೇ. ಕಾಯ್ದೆ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಅದನ್ನು ಜಾರಿಗೆ ತರಿಸೋಕೇ ಕಾಲಿಂಗ್ಸ್ 1883ರಲ್ಲಿ ಒಂದು ಸಂಘ ಕಟ್ಟಬೇಕಾಯಿತು.

ಹಸು ಸರ್ಕಾರ ಕೆಡವಿತು

ಬೇಡಿಕೊಂಡಾಗ ಆಗದ್ದು ಮತದಿಂದ ಆಯಿತು. 1884ರ ಸುಧಾರಣಾ ಕಾಯ್ದೆ ಹಳ್ಳಿಯ ಕೂಲಿ ಗಂಡಸರ ಕೈಗೆ ಮೊದಲ ಸಲ ದೊಡ್ಡ ಪ್ರಮಾಣದಲ್ಲಿ ಮತ ಕೊಟ್ಟಿತು. (ಹೆಂಗಸರು ಇನ್ನೂ 34 ವರ್ಷ ಕಾಯಬೇಕಿತ್ತು.) 1885ರ ಚುನಾವಣೆಯಲ್ಲಿ ಹಳ್ಳಿಹಳ್ಳಿಯಲ್ಲಿ ಕೇಳಿಬಂದ ಘೋಷಣೆ ಮೂರು ಎಕರೆ ಮತ್ತು ಒಂದು ಹಸು. ಎದುರಾಳಿಗಳು ಗೇಲಿ ಮಾಡಿದರು. ಕಾಲಿಂಗ್ಸ್ ಬದುಕಿಡೀ ಆ ಹಸುವಿನ ಜೊತೆಗೇ ವ್ಯಂಗ್ಯಚಿತ್ರಗಳಲ್ಲಿ ಕಾಣಿಸಿಕೊಂಡರು.

1886ರ ಜನವರಿ. ಕನ್ಸರ್ವೇಟಿವ್ ಪಕ್ಷದ ಸಾಲಿಸ್ಬರಿ ಸರ್ಕಾರ ರಾಣಿಯ ಭಾಷಣ ಓದಿಸಿತು. ಕೂಲಿಕಾರರಿಗೆ ಭೂಮಿ ಕೊಡುವ ಮಾತು ಅದರಲ್ಲಿ ಇರಲಿಲ್ಲ. ಅದಕ್ಕೆ ವಿಷಾದ ಸೂಚಿಸುವ ತಿದ್ದುಪಡಿಯನ್ನು ಕಾಲಿಂಗ್ಸ್ ಮಂಡಿಸಿದರು. 79 ಮತಗಳ ಅಂತರದಿಂದ ಅದು ಗೆದ್ದಿತು, ಸಾಲಿಸ್ಬರಿ ರಾಜೀನಾಮೆ ಕೊಟ್ಟರು. ನಿಜ ಹೇಳಬೇಕೆಂದರೆ ಗೆಲುವಿನ ಹಿಂದೆ ಐರ್ಲೆಂಡ್ ಲೆಕ್ಕಾಚಾರವೂ ಇತ್ತು, ಐರಿಷ್ ಸದಸ್ಯರ ಮತವೂ ಇತ್ತು. ಲಿಬರಲ್ ನಾಯಕ ಗ್ಲ್ಯಾಡ್‌ಸ್ಟನ್ ಪ್ರಧಾನಿಯಾದರು. ಕಾಲಿಂಗ್ಸ್‌ಗೆ ಸಿಕ್ಕಿದ್ದು ಸ್ಥಳೀಯ ಆಡಳಿತ ಇಲಾಖೆಯಲ್ಲಿ ಕಿರಿಯ ಹುದ್ದೆ. ಅದರ ಸಂಬಳವನ್ನೂ 1,500 ಪೌಂಡ್‌ನಿಂದ 1,200ಕ್ಕೆ ಇಳಿಸಲು ಗ್ಲ್ಯಾಡ್‌ಸ್ಟನ್ ಹೊರಟಿದ್ದರು!

ಆ ಹುದ್ದೆಯೂ ಕೆಲವೇ ವಾರ. ಏಜೆಂಟರು ಮಾಡಿದ ಅಕ್ರಮದಿಂದ ಇಪ್ಸ್‌ವಿಚ್ ಆಯ್ಕೆ ರದ್ದಾಯಿತು. ಐರ್ಲೆಂಡಿಗೆ ಸ್ವಯಮಾಡಳಿತ ಕೊಡುವ ವಿಚಾರದಲ್ಲಿ ಚೇಂಬರ್ಲೇನ್ ಗ್ಲ್ಯಾಡ್‌ಸ್ಟನ್ ಅವರಿಂದ ದೂರವಾದಾಗ ಕಾಲಿಂಗ್ಸ್ ಗೆಳೆಯನ ಹಿಂದೆಯೇ ನಡೆದರು. ಊರಿನ ನೆಲದ ಬಗ್ಗೆ ಊರಿನವರ ಮಾತು ನಡೆಯಬೇಕು ಅಂದವರಿಗೆ ಐರಿಷರ ನೆಲದ ಬಗ್ಗೆ ಐರಿಷರ ಮಾತು ನಡೆಯೋದು ಬೇಡವಾಯಿತು. ಇದನ್ನು ಸುಮ್ಮನೆ ದಾಟಿಹೋಗೋಕೆ ಆಗಲ್ಲ.

ಬಹುದು ಮತ್ತು ಬೇಕು ನಡುವೆ

ಮುಂದಿನದ್ದು ಇನ್ನೂ ವಿಚಿತ್ರ. ಬರ್ಮಿಂಗ್‌ಹ್ಯಾಮ್‌ನ ಬೋರ್ಡ್ಸ್‌ಲಿ ಕ್ಷೇತ್ರದಿಂದ ಗೆದ್ದು ಬಂದ ಕಾಲಿಂಗ್ಸ್ ಈಗ ತಾವೇ ಉರುಳಿಸಿದ ಸಾಲಿಸ್ಬರಿಗೆ ಬೆಂಬಲವಾಗಿ ಕೂತಿದ್ದರು. 1887ರ ಬೇಸಿಗೆಯಲ್ಲಿ ಸ್ಪಾಲ್ಡಿಂಗ್ ಉಪಚುನಾವಣೆ ನಡೆದು, ಕೂಲಿಕಾರರ ಪರ ನಿಂತ ಲಿಬರಲ್ ಅಭ್ಯರ್ಥಿ ಸರ್ಕಾರದ ಪಕ್ಷವನ್ನು ಸೋಲಿಸಿದರು. ಗಾಬರಿಬಿದ್ದ ಸರ್ಕಾರ ಅದೇ ವರ್ಷ ಅಲಾಟ್‌ಮೆಂಟ್ ಕಾಯ್ದೆ ಪಾಸು ಮಾಡಿತು. ಆರು ಜನ ಅರ್ಜಿ ಕೊಟ್ಟು, ಬೇರೆ ದಾರಿಯಲ್ಲಿ ಜಾಗ ಸಿಗದು ಎಂದು ಮನವರಿಕೆಯಾದರೆ ಸ್ಥಳೀಯ ಸಂಸ್ಥೆ ಜಾಗ ಒದಗಿಸಬೇಕು. ಅಗತ್ಯವಿದ್ದರೆ ಬಲವಂತದ ಸ್ವಾಧೀನಕ್ಕೂ ಅವಕಾಶ ಇತ್ತು.

ಆದರೆ ಹಳ್ಳಿಗಳಲ್ಲಿ ಆ ಸಂಸ್ಥೆ ನಡೆಸುತ್ತಿದ್ದವರು ಮತ್ತೆ ಅದೇ ಜಮೀನ್ದಾರರು, ಅದೇ ದೊಡ್ಡ ರೈತರು. ಹಾಗಾಗಿ 1890ರಲ್ಲಿ ಕೌಂಟಿ ಕೌನ್ಸಿಲ್‌ಗೆ ಮೇಲ್ಮನವಿ ಸಲ್ಲಿಸುವ ಅವಕಾಶ ಸೇರಿಸಿದರು. 1894ರಲ್ಲಿ ಹಳ್ಳಿ ಮಟ್ಟದ ಚುನಾಯಿತ ಕೌನ್ಸಿಲ್‌ಗಳು ಬಂದವು. ಕೂಲಿಯವನೂ ಅಲ್ಲಿ ಸದಸ್ಯನಾಗಬಹುದಿತ್ತು. ಕೊನೆಗೆ 1908ರಲ್ಲಿ ಎಲ್ಲವೂ ಒಂದೇ ಕಾಯ್ದೆಯಾಗಿ ಸೇರಿದವು. ಆಗ ಕಾಲಿಂಗ್ಸ್‌ಗೆ 77.

ಲೆಕ್ಕ ಹಾಕಿ, 1882ರಿಂದ 26 ವರ್ಷ. ಆಗಿದ್ದೇನು? ಕೊಡುವವರು ಯಾರು, ಕೊಡದಿದ್ದರೆ ಯಾರ ಹತ್ತಿರ ಹೋಗಬೇಕು, ಕೊಡುವ ಕಡೆ ಕೂರುವವರನ್ನು ಆರಿಸೋದು ಯಾರು, ಈ ಮೂರು ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆದದ್ದು. ಈ ಹೊತ್ತಿಗೆ ಕಾಲಿಂಗ್ಸ್ ತಾವೇ ಕಟ್ಟಿದ ಸಂಘದಿಂದ ಹೊರಬಿದ್ದು 20 ವರ್ಷ ಆಗಿತ್ತು. ಅವರು ಹೋದ ಮೇಲೂ ಕೆಲಸ ನಿಲ್ಲಲಿಲ್ಲ ಅನ್ನೋದೇ ಮುಖ್ಯ.

ಅವರ ಕನಸು ತೋಟದ್ದಲ್ಲ, ಸ್ವಂತ ಹೊಲದ್ದು. ಕೂಲಿಕಾರ ಮತ್ತೆ ರೈತನಾಗಬೇಕು ಅನ್ನೋ ಆಸೆ ಬಹುಪಾಲು ಈಡೇರಲಿಲ್ಲ. ಸಿಕ್ಕಿದ್ದು ಎರಡೂವರೆ ಗುಂಟೆ. ಆದರೆ ಮೊದಲ ಮಹಾಯುದ್ಧದಲ್ಲಿ ಆಹಾರಕ್ಕೆ ತತ್ವಾರ ಬಂದಾಗ ಅಲಾಟ್‌ಮೆಂಟ್‌ಗಳ ಸಂಖ್ಯೆ ಸುಮಾರು 15 ಲಕ್ಷ ಮುಟ್ಟಿತು. 1918ರವರೆಗೆ ಸದಸ್ಯರಾಗಿದ್ದು, 1920ರಲ್ಲಿ ತೀರಿಕೊಂಡ ಕಾಲಿಂಗ್ಸ್ ಅದನ್ನು ನೋಡಿಯೇ ಹೋದರು.

ಇವತ್ತಿನ ತೂತು

ಈಗ ಬ್ರಿಟನ್ನಿನಲ್ಲಿ ಉಳಿದಿರುವುದು 3 ಲಕ್ಷ ಚಿಲ್ಲರೆ. ಎಷ್ಟೋ ಊರುಗಳಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು. ಕಾನೂನು ಇದ್ದೂ ಯಾಕೆ ಹೀಗೆ? 23ನೇ ಸೆಕ್ಷನ್ ಇನ್ನೊಮ್ಮೆ ಓದಿ ನೋಡಿ. ಬೇಡಿಕೆ ಇದೆ ಎಂದು ಕೌನ್ಸಿಲ್‌ಗೆ ಅನ್ನಿಸಬೇಕು. ಸಾಕಷ್ಟು ತುಂಡುಗಳು ಅಂದರೆ ಎಷ್ಟು, ಎಷ್ಟು ದಿನದೊಳಗೆ ಕೊಡಬೇಕು, ಅದು ಬರೆದಿಲ್ಲ. ಲಂಡನ್ನಿನ ಒಳಭಾಗದ ಕೌನ್ಸಿಲ್‌ಗಳಿಗಂತೂ ಈ ಕರ್ತವ್ಯವನ್ನೇ 1963ರಲ್ಲಿ ಕೈಬಿಡಲಾಯಿತು. ಜಾಗಕ್ಕೆ ಹೆಚ್ಚು ಕೊರತೆ ಇರೋದು ಅಲ್ಲೇ.

ಸ್ಕಾಟ್‌ಲೆಂಡ್ 2015ರಲ್ಲಿ ತನ್ನದೇ ಕಾಯ್ದೆ ಬರೆದುಕೊಂಡಿತು. ಕಾಯುವವರ ಪಟ್ಟಿ ಒಟ್ಟು ತುಂಡುಗಳ ಅರ್ಧವನ್ನು ಮೀರದಂತೆ, ಯಾರೂ 5 ವರ್ಷಕ್ಕಿಂತ ಹೆಚ್ಚು ಕಾಯದಂತೆ ಸ್ಥಳೀಯ ಆಡಳಿತ ಸೂಕ್ತ ಕ್ರಮ ಕೈಗೊಳ್ಳಲೇಬೇಕು. 5 ವರ್ಷ ಕಡಿಮೆಯೇನಲ್ಲ. ಆದರೆ ಎಣಿಸಬಹುದಾದ ಅಂಕಿ ಇದೆ, ಮೀರಿದರೆ ತೋರಿಸಿ ಕೇಳಬಹುದು.

ಮುಂದಿನ ಸಲ ಯಾವುದಾದರೂ ಹಕ್ಕು ಸಿಕ್ಕಿತು ಎಂಬ ಸುದ್ದಿ ಬಂದಾಗ ಮಸೂದೆ ತೆಗೆದು ಓದಿ. ಬಹುದು ಅಂತಿದೆಯೋ ಬೇಕು ಅಂತಿದೆಯೋ, ಗಡುವು ಎಷ್ಟು, ಮೇಲ್ಮನವಿ ಎಲ್ಲಿಗೆ, ಅಷ್ಟು ಹುಡುಕಿ. ಇಲ್ಲದಿದ್ದರೆ ಸಹಿ ಹಾಕೋಕೆ ಇನ್ನೂ ಐದು ಜನರನ್ನು ಜೊತೆಗೆ ಕರೆದುಕೊಳ್ಳಿ.