ಕಾಲಡಿಯ ನಂಬಿಕೆ: ಮಾಲ್ಕಮ್ ಲಾಕ್‌ಹೀಡ್

ವಾಷಿಂಗ್ಟನ್ ಡಿ.ಸಿ. ಪಕ್ಕದ ಬೆಥೆಸ್ಡಾದಲ್ಲಿ ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಮುಖ್ಯ ಕಚೇರಿ ಇದೆ. ಅಟ್ಲಾಂಟಾ ಹತ್ತಿರದ ಮರಿಯೆಟ್ಟಾದಲ್ಲಿ ಅವರ ದೊಡ್ಡ ಕಾರ್ಖಾನೆ ಇದೆ. ನಮ್ಮ ಭಾರತೀಯ ವಾಯುಪಡೆಯ ಸಿ-130ಜೆ ವಿಮಾನಗಳು ತಯಾರಾದದ್ದು ಅಲ್ಲೇ. ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನಲ್ಲಿ ಎಫ್-16 ತಯಾರಾಗುತ್ತೆ. ನಾವು ಓದುವ ಊರುಗಳ ಸುತ್ತಮುತ್ತ ಹೀಗೆ ಕಾಣುವ ಈ ಹೆಸರು, ಈ ಕಾಗುಣಿತದಲ್ಲಿ ಮೊದಲು ಪ್ರಸಿದ್ಧವಾದದ್ದು ವಿಮಾನದಿಂದಲ್ಲ, ಕಾರಿನ ಬ್ರೇಕ್‌ನಿಂದ ಅಂದ್ರೆ ನಂಬ್ತೀರಾ? ಆ ಬ್ರೇಕ್ ಕೊಟ್ಟವನ ಕಥೆ ಇದು.

ಮಾಲ್ಕಮ್ ಹುಟ್ಟಿದ್ದು 1880ರ ದಶಕದಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ತಾಯಿ ಫ್ಲೋರಾ ಹೇನ್ಸ್ ಲೇಖಕಿ, ಪತ್ರಕರ್ತೆ. ಮಕ್ಕಳನ್ನು ಸಾಕಿದ್ದೆಲ್ಲ ಹೆಚ್ಚಾಗಿ ಆಕೆಯೇ. ಮಾಲ್ಕಮ್ ಮತ್ತು ತಮ್ಮ ಆ್ಯಲನ್ ಇಬ್ಬರೂ ದೊಡ್ಡ ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಸ್ಪ್ಯಾನರ್ ಹಿಡಿದೇ ಕಲಿತ ಮೆಕ್ಯಾನಿಕ್‌ಗಳು. ಮನೆತನದ ಹೆಸರಿನ ಇಂಗ್ಲಿಷ್ ಕಾಗುಣಿತ ಎಷ್ಟು ತೊಡಕಾಗಿತ್ತೆಂದರೆ ಜನ ಅದನ್ನು ಲಾಗ್‌ಹೆಡ್ ಅಂತ ಓದುತ್ತಿದ್ದರು, ಅಂದರೆ ಕೊರಡು ತಲೆ! ಇಲ್ಲಿನ ಕ್ಲಾಸುಗಳಲ್ಲಿ ನಮ್ಮ ಹೆಸರುಗಳು ಏನೇನೋ ಆಗುವುದನ್ನು ದಿನಾ ಕೇಳುವ ನಮಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ.

1913ರ ಜೂನ್‌ನಲ್ಲಿ ಅಣ್ಣತಮ್ಮಂದಿರು ತಾವೇ ಕಟ್ಟಿದ ನೀರುವಿಮಾನವನ್ನು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಮೇಲೆ ಹಾರಿಸಿದರು. 1915ರ ದೊಡ್ಡ ವಸ್ತುಪ್ರದರ್ಶನದಲ್ಲಿ ತಲೆಗೆ 10 ಡಾಲರ್‌ನಂತೆ ಜನರನ್ನು ಕೂರಿಸಿಕೊಂಡು ಸುತ್ತಾಡಿಸಿದರು. ಆ ದುಡ್ಡು, ಆ ಧೈರ್ಯದ ಮೇಲೆ 1916ರಲ್ಲಿ ಸಾಂಟಾ ಬಾರ್ಬರಾದಲ್ಲಿ ವಿಮಾನ ಕಂಪನಿ ಶುರುವಾಯ್ತು. ಆದರೆ ಮೊದಲ ಮಹಾಯುದ್ಧ ಮುಗಿದ ಮೇಲೆ ಸೇನೆಗೆ ಬೇಡವಾದ ವಿಮಾನಗಳು ಕೆಲವೇ ನೂರು ಡಾಲರ್‌ಗೆ ಪೇಟೆಗೆ ಬಂದವು. ಹೊಸದನ್ನು ಕೊಳ್ಳುವವರು ಯಾರು? 1919ರಲ್ಲಿ ಮಾಲ್ಕಮ್ ತಮ್ಮನನ್ನೂ ಕಂಪನಿಯನ್ನೂ ಬಿಟ್ಟು, ಕಾರುಗಳ ಊರು ಡೆಟ್ರಾಯಿಟ್‌ಗೆ ಹೊರಟ. 1921ರಲ್ಲಿ ವಿಮಾನ ಕಂಪನಿ ಮುಚ್ಚಿತು.

ಮಾಲ್ಕಮ್‌ನ ತಲೆಯಲ್ಲಿದ್ದದ್ದು ಬ್ರೇಕ್. ಆಗಿನ ಬಹುತೇಕ ಕಾರುಗಳಿಗೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬ್ರೇಕ್, ಅದೂ ರಾಡ್ ಅಥವಾ ಕೇಬಲ್ ಎಳೆದು ಹಿಡಿಯುವಂಥದ್ದು. ಊರಲ್ಲಿ ಸೈಕಲ್ ಓಡಿಸಿದವರಿಗೆ, ಮೈಸೂರಿನ ಜಾವಾ ಮೋಟಾರ್‌ಸೈಕಲ್ ರಿಪೇರಿ ಮಾಡಿದವರಿಗೆ ಈ ಕಷ್ಟ ಗೊತ್ತು: ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ಕಾರಿನ ನಾಲ್ಕೂ ಚಕ್ರಕ್ಕೆ ಹಾಗೆ ರಾಡ್ ಕೊಟ್ಟರೆ ನಾಲ್ಕನ್ನೂ ಸಮ ಮಾಡುವುದೇ ಒಂದು ಗೋಳು. ಒಂದು ಚಕ್ರ ಮೊದಲೇ ಹಿಡಿದರೆ ಕಾರು ಪಕ್ಕಕ್ಕೆ ಎಳೆಯುತ್ತೆ.

ಮಾಲ್ಕಮ್ ರಾಡ್ ತೆಗೆದು ಆ ಜಾಗಕ್ಕೆ ದ್ರವ ತಂದ. ಪೆಡಲ್ ತುಳಿದರೆ ಮಾಸ್ಟರ್ ಸಿಲಿಂಡರ್‌ನ ದ್ರವದಲ್ಲಿ ಒತ್ತಡ ಹುಟ್ಟುತ್ತೆ. ಕೊಳವೆಗಳ ಮೂಲಕ ಅದೇ ಒತ್ತಡ ನಾಲ್ಕೂ ಚಕ್ರಕ್ಕೆ ಮುಟ್ಟುತ್ತೆ. ಹೈಸ್ಕೂಲಿನ ಪ್ಯಾಸ್ಕಲ್ ನಿಯಮ, ಅಷ್ಟೇ. 1921ರಲ್ಲಿ ಡ್ಯೂಸೆನ್‌ಬರ್ಗ್ ಮಾಡೆಲ್ ಎ ಕಾರು ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಹಾಕಿಕೊಂಡು ಬಂತು. ಅದೇ ವರ್ಷ ಫ್ರೆಂಚ್ ಗ್ರ್ಯಾಂಡ್ ಪ್ರಿಯಲ್ಲಿ ಹೈಡ್ರಾಲಿಕ್ ಬ್ರೇಕ್ ಇದ್ದ ಡ್ಯೂಸೆನ್‌ಬರ್ಗ್ ರೇಸ್ ಕಾರನ್ನು ಜಿಮ್ಮಿ ಮರ್ಫಿ ಗೆಲ್ಲಿಸಿದ.

ಆದರೂ ಒಂದು ಕೊರತೆ ಉಳಿದಿತ್ತು: ಸೋರಿಕೆ. ದ್ರವವನ್ನು ತಡೆಯುವ ಸೀಲ್‌ಗಳು ಸರಿಯಾಗಿ ನಿಲ್ಲುತ್ತಿರಲಿಲ್ಲ. ವಾಲ್ಟರ್ ಕ್ರೈಸ್ಲರ್‌ನ ಎಂಜಿನಿಯರುಗಳು ರಬ್ಬರ್ ಸೀಲ್ ಮಾಡಿ ಇದನ್ನು ಸರಿಪಡಿಸಿದರು. 1924ರಲ್ಲಿ ಬಂದ ಕ್ರೈಸ್ಲರ್ ಕಾರು ಮೊದಲ ವರ್ಷವೇ ಸುಮಾರು 32,000 ಮಾರಾಟವಾಯ್ತು. ಲಾಕ್‌ಹೀಡ್ ಬ್ರೇಕ್ ಹೆಸರು ಮನೆಮಾತಾಯ್ತು. 1926ರಲ್ಲಿ ತಮ್ಮ ಆ್ಯಲನ್ ಮತ್ತೆ ವಿಮಾನ ಕಂಪನಿ ತೆರೆದಾಗ, ಅಣ್ಣನ ಬ್ರೇಕ್ ಜನಪ್ರಿಯಗೊಳಿಸಿದ ಸುಲಭ ಕಾಗುಣಿತವನ್ನೇ ಇಟ್ಟುಕೊಂಡ. ಫೋರ್ಡ್ ಮಾತ್ರ ಹಠ ಹಿಡಿದು ರಾಡ್ ಬ್ರೇಕ್‌ನಲ್ಲೇ ಇದ್ದು, 1939ರ ಮಾದರಿಗೆ ಹೈಡ್ರಾಲಿಕ್ ಹಾಕಿತು.

1932ರಲ್ಲಿ ಮಾಲ್ಕಮ್ ತನ್ನ ಕಂಪನಿಯನ್ನು ಬೆಂಡಿಕ್ಸ್‌ಗೆ ಮಾರಿದ. ವಿಮಾನ ಕಂಪನಿಯೂ ಆ ಹೊತ್ತಿಗೆ ತಮ್ಮನ ಕೈತಪ್ಪಿತ್ತು. ಜಗತ್ತಿಗೆಲ್ಲ ಗೊತ್ತಿರುವ ಹೆಸರು ಉಳಿಯಿತು, ಹೆಸರಿನವರು ಹೊರಗುಳಿದರು. ಮಾಲ್ಕಮ್ 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ತೀರಿಕೊಂಡ.

ಅವನನ್ನು ಇಂದು ಮುಟ್ಟಿ ನೋಡಬೇಕಾದರೆ ಹಳೇ ಸ್ಪೋರ್ಟ್ಸ್ ಕಾರಿನ ಪೆಡಲ್ ತುಳಿಯಬೇಕು. ಬ್ರಿಟನ್ನಿನ ಎಂಜಿಬಿ ಕಾರಿನಲ್ಲಿದ್ದದ್ದು ಲಾಕ್‌ಹೀಡ್ ಹೆಸರಿನದೇ ಬ್ರೇಕ್. ಇಂಥ ಕಾರಿನ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಿದ್ದರೆ ಮೊದಲು ಅನುಮಾನ ಪಡಬೇಕಾದದ್ದು ಗಾಳಿಯ ಮೇಲೆ. ಸಿರಿಂಜ್‌ಗೆ ನೀರು ತುಂಬಿ ತುದಿ ಮುಚ್ಚಿ ಒತ್ತಿ ನೋಡಿ, ಕಲ್ಲಿನ ಹಾಗಿರುತ್ತೆ. ಒಂದು ಗುಳ್ಳೆ ಗಾಳಿ ಬಿಡಿ, ಸ್ಪ್ರಿಂಗ್ ಆಗುತ್ತೆ. ಅದಕ್ಕೇ ಬ್ಲೀಡ್ ಮಾಡುವುದು: ಒಬ್ಬರು ಪೆಡಲ್ ತುಳಿದು ಹಿಡಿಯೋದು, ಇನ್ನೊಬ್ಬರು ಚಕ್ರದ ಬಳಿ ನಿಪ್ಪಲ್ ಸಡಿಲಿಸಿ ಗಾಳಿ ಬಿಡೋದು, ಪೆಡಲ್ ಮೇಲೆತ್ತುವ ಮೊದಲೇ ಬಿಗಿ ಮಾಡೋದು. ಹಳೇ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬಿದರೂ ಪೆಡಲ್ ಮೆತ್ತಗಾಗುತ್ತೆ. ಹೊಸ ಹೋಸ್, ಅಥವಾ ಮೇಲೆ ಸ್ಟೀಲ್ ಹೆಣಿಗೆ ಇರುವುದು, ಹಾಕಿದರೆ ಬಿಗಿ ಬರುತ್ತೆ. ಹಿಂದಿನ ಡ್ರಮ್‌ನಲ್ಲಿ ಶೂ ಸವೆದು ಅಂತರ ಹೆಚ್ಚಾಗಿದ್ದರೆ ಪೆಡಲ್ ತುಂಬಾ ಕೆಳಗೆ ಹೋಗುತ್ತೆ. ಅಡ್ಜಸ್ಟರ್ ತಿರುಗಿಸಿದರೆ ಸಾಕು. ಒತ್ತಿ ಹಿಡಿದ ಪೆಡಲ್ ನಿಧಾನಕ್ಕೆ ನೆಲ ಮುಟ್ಟಿದರೆ ಮಾತ್ರ ಹುಷಾರು: ಮಾಸ್ಟರ್ ಸಿಲಿಂಡರ್ ಸೀಲ್ ಹೋಗಿರಬಹುದು, ಇಲ್ಲಾ ಎಲ್ಲೋ ಸೋರುತ್ತಿರಬಹುದು. ಆ ಕಾರನ್ನು ರಸ್ತೆಗೆ ಇಳಿಸಬಾರದು.

ಯಾಕೆಂದರೆ ಹಳೇ ಕಾರುಗಳಲ್ಲಿ ಇಡೀ ವ್ಯವಸ್ಥೆಗೆ ಒಂದೇ ದಾರಿ. ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಹೋಯ್ತು. ಅಮೆರಿಕ ಸರ್ಕಾರದ ಸುರಕ್ಷತಾ ನಿಯಮ 1968ರಿಂದ ಎರಡು ಪ್ರತ್ಯೇಕ ದಾರಿಗಳನ್ನು ಕಡ್ಡಾಯ ಮಾಡಿತು. ಮಾಲ್ಕಮ್‌ನ ಯೋಚನೆ ಅಳಿಯಲಿಲ್ಲ, ಅದಕ್ಕೊಂದು ಜೊತೆ ಸಿಕ್ಕಿತು.

ಬೆಲ್ಟ್‌ವೇ ಮೇಲೋ ಐ-85ರಲ್ಲೋ ಮುಂದಿನ ಕಾರಿನ ಕೆಂಪು ದೀಪ ಹತ್ತಿದಾಗ ನಾವು ಯೋಚನೆ ಮಾಡದೆ ಕಾಲು ಒತ್ತುತ್ತೇವೆ. ಹಾಗೆ ಯೋಚಿಸದೆ ಒತ್ತುವ ನಿಶ್ಚಿಂತೆಯನ್ನು ನಮಗೆ ಕೊಟ್ಟವರಲ್ಲಿ, ಕಾಲೇಜು ಕಾಣದ ಈ ಮೆಕ್ಯಾನಿಕ್ ಒಬ್ಬ.