ಮೀನುಗಳ ಲೆಕ್ಕವಿಟ್ಟ ವೈದ್ಯ: ಡಾ. ಫ್ರಾನ್ಸಿಸ್ ಡೇ

ನಮ್ಮ ಡಿಚೋಲಿಯಿಂದ ಕಡಲು ಕಾಣುವುದಿಲ್ಲ. ಆದರೂ ಕಡಲಿನ ಋಣ ನಮ್ಮ ಅಡಿಗೆಮನೆಗಳನ್ನು ಬಿಟ್ಟಿಲ್ಲ. ಪೇಟೆಯಲ್ಲಿ ಬಾಂಗಡೊ ಎಂದು ಕೇಳಿ ಕೊಂಡುದನ್ನು ಮನೆಯಲ್ಲಿ ಬಂಗುಡೆಯೆಂದು ಕರೆಯುತ್ತೇವೆ. ಕೊಂಕಣಿಯ ತಾರ್ಲೆಯೇ ಕನ್ನಡದ ಬೈಗೆ, ತುಳುವರ ಬೂತಾಯಿ. ಊರಿಗೊಂದು ಹೆಸರು ಪಡೆದ ಈ ಜಲಚರಗಳನ್ನು ಒಂದೊಂದಾಗಿ ಪರೀಕ್ಷಿಸಿ, ಭಾರತದ ಮೀನುಗಳೆಲ್ಲವನ್ನೂ ಒಂದೇ ಗ್ರಂಥದಲ್ಲಿ ಕಾಣಿಸಿದ ಮಹನೀಯರು ಡಾ. ಫ್ರಾನ್ಸಿಸ್ ಡೇ ಅವರು.

ಡೇ ಅವರು 1829ನೆಯ ಇಸವಿ ಮಾರ್ಚ್ 2ರಂದು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ಜನಿಸಿದರು. ಲಂಡನ್ನಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, 1852ರಲ್ಲಿ ಮದರಾಸಿನ ಸೈನ್ಯದ ವೈದ್ಯಶಾಖೆಯನ್ನು ಸೇರಿದರು. ಮುಂದೆ ಕೊಚ್ಚಿಯಲ್ಲಿ ನೆಲೆಸಿದಾಗ ಅವರ ಬದುಕಿನ ದಿಕ್ಕೇ ಬದಲಾಯಿತು. ಹಿನ್ನೀರು, ನದಿ, ಕಡಲು ಒಂದಾಗುವ ಆ ಊರಿನಲ್ಲಿ ಬಲೆಗೆ ಬೀಳುತ್ತಿದ್ದ ಮೀನುಗಳ ವೈವಿಧ್ಯವು ಅವರನ್ನು ಸೆರೆಹಿಡಿಯಿತು. ರೋಗಿಗಳ ಶುಶ್ರೂಷೆಯೊಡನೆ ಮೀನುಗಳ ಅಧ್ಯಯನವೂ ಸಾಗಿ, 1865ರಲ್ಲಿ ಮಲಬಾರಿನ ಮೀನುಗಳನ್ನು ಕುರಿತ ಅವರ ಗ್ರಂಥ ಹೊರಬಂದಿತು.

ಕನ್ನಡ ನಾಡಿಗೂ ಅವರಿಗೂ ಇರುವ ನಂಟು ಹಲವರಿಗೆ ತಿಳಿಯದು. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದಿತು. ಅಲ್ಲಿ ಕಲೆಕ್ಟರರಾಗಿದ್ದ ಎಚ್. ಎಸ್. ಥಾಮಸ್ ಎಂಬವರೂ ಮತ್ಸ್ಯಪ್ರಿಯರೇ. ಆ ಜಿಲ್ಲೆಯ ಹೊಳೆಯ ಒಂದು ಮೀನಿಗೆ ಡೇ ಅವರು 1874ರಲ್ಲಿ ಥಾಮಸರ ಹೆಸರನ್ನೇ ಇಟ್ಟರು. 1877ರಲ್ಲಿ ಅಲ್ಲಿಯದೇ ಮತ್ತೊಂದು ಮೀನನ್ನು ಎಟ್ರೋಪ್ಲಸ್ ಕೆನರೆನ್ಸಿಸ್ ಎಂದು ಹೆಸರಿಸಿದರು. ಹೀಗೆ ನಮ್ಮ ನಾಡಿನ ಹೆಸರು ಲೋಕದ ವಿಜ್ಞಾನದಲ್ಲಿ ಶಾಶ್ವತವಾಗಿ ನಿಂತಿತು. ಗೋವೆಯ ಅಳಿವೆಗಳಲ್ಲಿ ದೊರೆಯುವ ಕಾಳುಂದ್ರ ಇದರ ಸಮೀಪದ ಬಂಧು. ತಂದೆತಾಯಿಗಳೆರಡೂ ಮೊಟ್ಟೆಗಳನ್ನೂ ಮರಿಗಳನ್ನೂ ಕಾಯುವುದು ಈ ಕುಲದ ವಿಶೇಷ. ಬೈಗೆ, ಬಂಗುಡೆಗಳ ರೀತಿಯೇ ಬೇರೆ. ಅವು ಅಸಂಖ್ಯ ಮೊಟ್ಟೆಗಳನ್ನು ತೆರೆದ ನೀರಿನಲ್ಲಿ ಬಿಟ್ಟು ಹೋಗುತ್ತವೆ, ಮರಿಗಳಿಗೆ ಕಾವಲಿಲ್ಲ.

1871ರಲ್ಲಿ ಸರಕಾರವು ಡೇ ಅವರನ್ನು ಮೀನುಗಾರಿಕೆಯ ಇನ್ಸ್‌ಪೆಕ್ಟರ್ ಜನರಲ್ ಆಗಿ ನೇಮಿಸಿತು. ಈ ಹುದ್ದೆಯಲ್ಲಿ ಅವರು ಮೀನನ್ನು ಮಾತ್ರವಲ್ಲ, ಮೀನು ಹಿಡಿಯುವವನ ಸಂಸಾರವನ್ನೂ ನೋಡಿದರು. 1873ರ ವರದಿಗಳಲ್ಲಿ ಎರಡು ಸಂಗತಿಗಳು ಮುಖ್ಯವಾದವು. ಮೊದಲನೆಯದು ಉಪ್ಪು. ಮಳೆಗಾಲಕ್ಕೆಂದು ಒಣಮೀನನ್ನು ಕೂಡಿಡುವ ನಮ್ಮ ಮನೆಗಳಿಗೆ ಇದರ ಮಹತ್ವವನ್ನು ಹೇಳಬೇಕಾಗಿಲ್ಲ. ತೆರಿಗೆಯ ಭಾರದಿಂದ ಉಪ್ಪು ತುಟ್ಟಿಯಾಗಿ, ಬಡ ಮೊಗವೀರನು ಹಿಡಿದ ಮೀನನ್ನು ಕೆಡದಂತೆ ಉಳಿಸಿಕೊಳ್ಳಲಾರದಾಗಿದ್ದನು. ಮುಂದೆ ಮದರಾಸು ಸರಕಾರವು ಕರಾವಳಿಯಲ್ಲಿ ತೆರಿಗೆಯಿಲ್ಲದ ಉಪ್ಪನ್ನು ಒದಗಿಸುವ ಮೀನು ಹದಮಾಡುವ ಅಂಗಳಗಳನ್ನು ತೆರೆಯಿತು. ಎರಡನೆಯದು ಮರಿಮೀನುಗಳ ಸಂಹಾರ. ಸಣ್ಣ ಕಣ್ಣಿನ ಬಲೆ, ಬೇಲಿಗೂಡು, ನೀರಿಗೆ ವಿಷ: ಇವುಗಳಿಂದ ನದಿಗಳು ಬರಿದಾಗುವುದನ್ನು ಕಂಡು, ಕಾನೂನಿನ ರಕ್ಷಣೆ ಬೇಕೆಂದು ಅವರು ವಾದಿಸಿದರು.

1877ರಲ್ಲಿ ಅವರು ನಿವೃತ್ತರಾಗಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ ನೆಲೆಸಿದರು. 1875ರಿಂದ 1878ರವರೆಗೆ ಭಾಗಭಾಗವಾಗಿ ಪ್ರಕಟವಾದ ಭಾರತದ ಮೀನುಗಳ ಮಹಾಗ್ರಂಥದಲ್ಲಿ ಸುಮಾರು 200 ಚಿತ್ರಫಲಕಗಳಿವೆ. 1889ರಲ್ಲಿ ಎರಡು ಸಂಪುಟಗಳಲ್ಲಿ ಹೊರಬಂದ ಗ್ರಂಥದಲ್ಲಿ 1418 ಜಾತಿಯ ಮೀನುಗಳ ವಿವರಣೆಯಿದೆ. ಬ್ರಿಟಿಷ್ ಮ್ಯೂಸಿಯಮ್ಮಿನ ಮತ್ಸ್ಯಪಂಡಿತರಾದ ಗುಂಥರ್ ಅವರೊಡನೆ ಇದ್ದ ವೈಮನಸ್ಸು ಅವರ ಬಾಳಿನ ಒಂದು ಕಹಿ ಅಧ್ಯಾಯ; 1883ರಲ್ಲಿ ಅವರ ಸಂಗ್ರಹದ ದೊಡ್ಡದೊಂದು ಪಾಲು ಆಸ್ಟ್ರೇಲಿಯದ ಸಿಡ್ನಿಯನ್ನು ಸೇರಿತು. ಕೊನೆಯ ಸಂಪುಟಗಳು ಪ್ರಕಟವಾದ ವರ್ಷವೇ, 1889ರ ಜುಲೈ 10ರಂದು, ಅವರು ದೇಹವನ್ನು ತ್ಯಜಿಸಿದರು. ನೀರಿನಲ್ಲಿ ಸಿಡಿಮದ್ದನ್ನೂ ವಿಷವನ್ನೂ ಬಳಸಬಾರದೆಂಬ ಭಾರತೀಯ ಮೀನುಗಾರಿಕೆಯ ಕಾಯಿದೆ ಜಾರಿಗೆ ಬಂದುದು 1897ರಲ್ಲಿ. ಅದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ಬೈಗೆಯ ಹಿಂಡು ಒಂದು ವರ್ಷ ಉಕ್ಕಿ ಬಂದು ಇನ್ನೊಂದು ವರ್ಷ ಕಾಣೆಯಾಗುವುದೇಕೆಂಬುದು ಅಂದಿನ ವಿದ್ವಾಂಸರಿಗೆ ಒಗಟಾಗಿದ್ದಿತು. ಮುಂಗಾರಿನ ಕಾಲದಲ್ಲಿ ಮೇಲಿನ ನೀರು ತೀರದಿಂದ ಸರಿದು, ತಳದ ತಂಪಾದ ಸತ್ವಯುತ ನೀರು ಮೇಲೇಳುತ್ತದೆ. ಅದರಿಂದ ಕಣ್ಣಿಗೆ ಕಾಣದ ಸೂಕ್ಷ್ಮಸಸ್ಯಗಳು ಹುಲುಸಾಗಿ ಬೆಳೆದು ಬೈಗೆಗೆ ಆಹಾರವಾಗುತ್ತವೆ. ಈ ಋತುಚಕ್ರದ ಏರಿಳಿತವೇ ಹಿಂಡಿನ ಏರಿಳಿತಕ್ಕೆ ಒಂದು ದೊಡ್ಡ ಕಾರಣವೆಂದು ನಂತರದ ಸಂಶೋಧಕರು ಕಂಡುಕೊಂಡರು. ಇಂದು ಗೋವೆಯಲ್ಲಿಯೂ ಕರ್ನಾಟಕದಲ್ಲಿಯೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಸಂತಾನಕ್ಕೆ ಬಿಡುವು ಕೊಡಬೇಕೆಂಬ ವಿವೇಕವೇ ಇದರ ಹಿಂದೆಯೂ ಇದೆ.

ಡೇ ಅವರ ಕಾಲದಲ್ಲಿ ಗೋವೆಯು ಪೋರ್ತುಗೀಜರ ಅಧೀನದಲ್ಲಿದ್ದಿತು. ಅವರ ಅಧಿಕಾರ ಇಲ್ಲಿ ನಡೆಯುತ್ತಿರಲಿಲ್ಲ. ಮೀನಿಗೆ ಆ ಗಡಿಯ ಗೊಡವೆ ಇರಲಿಲ್ಲ. ಕನ್ನಡ ನಾಡಿನಲ್ಲಿ ಮಹದಾಯಿಯಾಗಿ ಹುಟ್ಟಿದ ಹೊಳೆಯೇ ಇಲ್ಲಿ ಮಾಂಡವಿಯಾಗಿ ಕಡಲನ್ನು ಸೇರುತ್ತದೆ. ಈ ನೀರಿನ ಎರಡು ದಡಗಳಲ್ಲಿ ಬಾಳುವ ನಾವು, ಮೀನಿನ ಮರಿಯನ್ನು ಬದುಕಗೊಡುವುದೇ ಆ ವೈದ್ಯರಿಗೆ ಸಲ್ಲಿಸುವ ನಿಜವಾದ ಗೌರವ.